ನನಗಿಂತ ಮುಂಚೆ ಹೊರಟ ಗಂಟು

ನನ್ನ ಹೆಸರು ಜಯಲತಾ, ಗಂಡನ ಹೆಸರು ಲೀಲಾಧರ ಸಾಲ್ಯಾನ್, ವಯಸ್ಸು ಐವತ್ತನಾಲ್ಕು ವರ್ಷ, ಉದ್ಯೋಗ ಮನೆಯಲ್ಲಿ ಅಡುಗೆ ಮಾಡಿ ಆಫೀಸಿನವರಿಗೆ ಊಟದ ಡಬ್ಬಾ ಕೊಡುವುದು, ವಾಸ ಡೊಂಬಿವಲಿ ಪೂರ್ವ, ಮೂಲ ಊರು ಉಡುಪಿ ಹತ್ತಿರದ ಕಟಪಾಡಿ. ಇಂದು ದಿನಾಂಕ 13-12-2018 ಗುರುವಾರ, ವಾಶಿ ರೈಲು ನಿಲ್ದಾಣದ ಹೊರಗಿನ ಬಸ್ ತಂಗುದಾಣದ ಬೆಂಚಿನ ಮೇಲೆ ಸಿಕ್ಕಿದ ಕೆಂಪು ಬಟ್ಟೆಯ ಗಂಟಿನ ವಿಚಾರವಾಗಿ ಪೊಲೀಸರು ಕೇಳಿದ್ದಕ್ಕೆ, ಯಾರ ಒತ್ತಾಯವೂ ಇಲ್ಲದೆ, ಆದರೆ ಬಹಳ ಅವಸರದಲ್ಲಿ, ನಾನು ಬಾಯಿಮಾತಿನಲ್ಲಿ ಹೇಳಿ ಬರೆಸುವುದು ಹೀಗಿದೆ.

ನನಗೆ ಬಾಜಾರಿನ ಮರಾಠಿ ಬರುತ್ತದೆ, ಪೊಲೀಸ್ ಚೌಕಿಯ ಮರಾಠಿ ಬರುವುದಿಲ್ಲ. ಹವಾಲ್ದಾರ ಸಿದ್ರಾಯ ಮಾಳಿ ಎಂಬವರು ಜತ್ ತಾಲೂಕಿನವರಾಗಿದ್ದು ಕನ್ನಡ ಬಲ್ಲವರಾದ್ದರಿಂದ ಅವರು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಾರೆ, ಆಮೇಲೆ ಮರಾಠಿಗೆ ಇಳಿಸುತ್ತಾರಂತೆ. ನಾವು ಮನೆಯಲ್ಲಿ ಮಾತಾಡುವುದು ತುಳು. ಮನೆಯವರ ಮಾತುಗಳನ್ನು ನಾನು ಕನ್ನಡ ಮಾಡಿ ಹೇಳಿದ್ದೇನೆ. ಈ ಹೇಳಿಕೆ ಶುರುವಾದಾಗ ಗಂಟೆ ಹನ್ನೆರಡೂ ಇಪ್ಪತ್ತು. ಬಂದರಿನಲ್ಲಿ ಹಡಗಿನ ಗೇಟು ಮೂರು ಗಂಟೆಗೆ ಮುಚ್ಚುತ್ತದೆ. ವಾಶಿಯಿಂದ ಅಲ್ಲಿಗೆ ಟ್ಯಾಕ್ಸಿಯಲ್ಲಿ ಒಂದು ಗಂಟೆಯಾದರೂ ಬೇಕು, ರಸ್ತೆ ತುಂಬಿದ್ದರೆ ಹೆಚ್ಚು. ಇದನ್ನು ಮೊದಲೇ ಬರೆಯಿರಿ ಎಂದು ನಾನು ಹೇಳಿದ್ದರಿಂದ ಇಲ್ಲಿ ಬರೆದಿದೆ.

ನನ್ನ ಮಗಳು ಸೋನಾಲಿ ವಾಶಿಯಲ್ಲಿ ಒಂದು ಪ್ರವಾಸದ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಮುಂಬಯಿಯಿಂದ ಗೋವಾಕ್ಕೆ ಹೋಗುವ ಪ್ರವಾಸಿ ಹಡಗಿನಲ್ಲಿ ಅವಳು ಮೂರು ಜನರಿಗೆ ಟಿಕೆಟ್ ತೆಗೆದಳು: ನನ್ನ ಗಂಡ, ನಾನು, ಮತ್ತು ನನ್ನ ಅತ್ತೆ ಬಾಗಿ, ವಯಸ್ಸು ಎಪ್ಪತ್ತಾರು. ಅತ್ತೆಯನ್ನು ನಾನು ಮಾಮಿ ಎಂದು ಕರೆಯುವುದು. ಇದು ಮಾಮಿಯ ಆಸೆಯ ಪ್ರಯಾಣ. ಅವರು ಮದುವೆಯಾದ ಹೊಸತರಲ್ಲಿ ಮಂಗಳೂರಿನಿಂದ ಬೊಂಬಾಯಿಗೆ ಬಂದದ್ದು ಸ್ಟೀಮರಿನಲ್ಲಿ. ಹತ್ತಿದ್ದೇ ತಡ ವಾಂತಿ ಹಿಡಿದು, ಕೆಳಗಿನ ಅಂತಸ್ತಿನಲ್ಲಿ ಒಣಮೀನಿನ ಬುಟ್ಟಿಗಳ ನಡುವೆ ಮುಸುಕು ಹಾಕಿ ಮಲಗಿದವರು ಬೊಂಬಾಯಿಯಲ್ಲೇ ಎದ್ದರಂತೆ. ‘ಸಮುದ್ರದ ಮೇಲೆ ಬಂದೆ ಅಂತ ಹೇಳ್ಲಿಕ್ಕೆ ಮಾತ್ರ, ಒಂದು ತೆರೆ ನೋಡ್ಲಿಲ್ಲ’ ಎಂದು ಅವರು ನಮ್ಮಲ್ಲಿಗೆ ಬಂದವರಿಗೆಲ್ಲ ಹೇಳುತ್ತಾರೆ. ಹವಾಲ್ದಾರರಿಗೂ ಈಗಾಗಲೇ ಹೇಳಿದ್ದಾರೆ.

ಹೊರಡುವ ದಿನದ ಯೋಜನೆಯನ್ನು ಸೋನಾಲಿ ಹೇಳಿದ್ದು ಹೀಗೆ. ಬೆಳಗ್ಗೆ ಡೊಂಬಿವಲಿಯಿಂದ ಠಾಣೆ, ಠಾಣೆಯಿಂದ ಬೇರೆ ಗಾಡಿಯಲ್ಲಿ ವಾಶಿ. ವಾಶಿ ನಿಲ್ದಾಣದ ಹೊರಗಿನಿಂದ ಅವಳ ಆಫೀಸಿನ ಬಸ್ಸು ಹನ್ನೊಂದೂ ಕಾಲಿಗೆ ಬಿಟ್ಟು, ಒಂದೂಕಾಲು ಗಂಟೆಯಲ್ಲಿ ಬಂದರು ಮುಟ್ಟಿಸುತ್ತದೆ. ದೊಡ್ಡ ಪೆಟ್ಟಿಗೆಗೆ ಚೀಟಿ ಕಟ್ಟಿ ಕೊಟ್ಟುಬಿಡಬೇಕು, ಔಷಧಿ ಕೈಚೀಲದಲ್ಲಿ ಇರಬೇಕು. ಗುರುತಿನ ಕಾರ್ಡು ಅಸಲಿಯೇ ಬೇಕು, ಝೆರಾಕ್ಸ್ ನಡೆಯುವುದಿಲ್ಲ. ‘ಮಮ್ಮಿ, ಓರಿಜಿನಲ್ ಮತಲಬ್ ಓರಿಜಿನಲ್’ ಎಂದು ಅವಳು ಫೋನಿನಲ್ಲಿ ದಿನಾ ಹೇಳಿದಳು. ನಾವು ಕೇಳುವುದು ತುಳು, ಅವಳು ಕೊಡುವ ಉತ್ತರ ಹಿಂದಿ, ನಮ್ಮ ಮನೆಯ ರೀತಿಯೇ ಹೀಗೆ.

ಮಾಮಿ ಕ್ಯಾಲೆಂಡರ್ ನೋಡಿದಾಗ ತಕರಾರು ಶುರುವಾಯಿತು. ಗುರುವಾರ ತೆಂಕು ದಿಕ್ಕಿಗೆ ಶೂಲ, ಪ್ರಯಾಣ ಕೂಡದು. ಅದು ಸಾಲದೆಂದು ಒಂದೂವರೆಯಿಂದ ಮೂರರವರೆಗೆ ರಾಹುಕಾಲ, ಎಂದರೆ ಸರಿಯಾಗಿ ಹಡಗು ಹತ್ತುವ ಹೊತ್ತು. ಹಡಗು ಮೊದಲು ಸಮುದ್ರಕ್ಕೆ ಅಂದರೆ ಪಡುವಣಕ್ಕೆ ಹೋಗಿ ಆಮೇಲೆ ತಿರುಗುವುದರಿಂದ ಶೂಲ ತಾಗುವುದಿಲ್ಲ ಎಂದು ನನ್ನ ಗಂಡ ವಾದ ಮಾಡಿದರು. ‘ಅದು ಎಲ್ಲಿ ಬೇಕಾದ್ರೂ ತಿರುಗ್ಲಿ ಮಾರಾಯ, ಗೋವಾ ಇರುವುದು ಎಲ್ಲಿ? ತೆಂಕಿನಲ್ಲಿ ಅಲ್ವಾ?’ ಎಂದು ಮಾಮಿ ಕೇಳಿದರು. ಕಡೆಗೆ ಮಾಮಿಯೇ ಪ್ರಸ್ಥಾನ ಇಡುವುದು ಎಂದು ತೀರ್ಮಾನ ಮಾಡಿದರು.

ಪ್ರಸ್ಥಾನ ಅಂದ್ರ ಏನ್ರಿ ಎಂದು ಹವಾಲ್ದಾರರು ಕೇಳಿದ್ದರಿಂದ ತಿಳಿಸುತ್ತೇನೆ. ಹೊರಡುವ ದಿನ ಒಳ್ಳೆಯದಿಲ್ಲದಿದ್ದರೆ, ಅದಕ್ಕಿಂತ ಮುಂಚೆ ಒಳ್ಳೆಯ ಹೊತ್ತು ನೋಡಿ, ಅಕ್ಕಿ, ಅರಸಿನಕೊಂಬು, ಅಡಿಕೆ ಮತ್ತು ಪ್ರಯಾಣ ಹೋಗುವವರ ಒಂದು ವಸ್ತುವನ್ನು ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಡುವುದು. ಗಂಟು ಹೊರಟಿತು ಅಂದರೆ ಮನುಷ್ಯ ಹೊರಟ ಹಾಗೆಯೇ. ಮರುದಿನ ಮನುಷ್ಯ ದಾರಿಯಲ್ಲಿ ಗಂಟನ್ನು ಸೇರಿಕೊಳ್ಳುತ್ತಾನೆ, ಶೂಲ, ರಾಹುಕಾಲ ಯಾವುದೂ ಅವನಿಗೆ ಲೆಕ್ಕಕ್ಕಿಲ್ಲ. ‘ಅಂದ್ರ ಮನಿಷಾ ಮನ್ಯಾಗ ಕುಂತಿರತಾನ, ಗಂಟು ಊರಿಗೆ ಹೊಂಟಿರತೈತಿ ಅನ್ರಿ’ ಎಂದು ಹವಾಲ್ದಾರರು ಕೇಳಿದರು. ಹೌದು ಎಂದು ಹೇಳಿದೆ.

ಬುಧವಾರ ಬೆಳಗ್ಗೆ ಮಾಮಿ ದೇವರ ಕೋಣೆಯ ಬಾಗಿಲು ಓರೆ ಮಾಡಿಕೊಂಡು ಗಂಟು ಕಟ್ಟಿದರು. ಒಳಗೆ ಏನಿಟ್ಟಿದ್ದೀರಿ ಎಂದು ನಾನು ಕೇಳಿದೆ. ‘ನಿನಗೆಂಥಕ್ಕೆ ಅದೆಲ್ಲ’ ಎಂದರು. ವಾಶಿಯ ಹೋಟೆಲಿನಲ್ಲಿ ಮ್ಯಾನೇಜರ್ ಆಗಿರುವ ನನ್ನ ಗಂಡ ಕೆಲಸಕ್ಕೆ ಹೋಗುವಾಗ ಅದನ್ನು ತೆಗೆದುಕೊಂಡು ಹೋಗಿ, ಅಲ್ಲಿಯ ಹೋಲ್‌ಸೇಲ್ ಮಾರ್ಕೆಟಿನ ಬಳಿ ಚಹಾ-ಇಡ್ಲಿಯ ಕ್ಯಾಂಟೀನ್ ನಡೆಸುವ ಅವರ ಚಿಕ್ಕಪ್ಪನ ಮಗ ಕುಶಲನ ಕೋಣೆಯಲ್ಲಿ ಇಟ್ಟರು. ಬಿಚ್ಚಬಾರದು ಎಂದು ತಾಯಿ ಹೇಳಿದ್ದರಿಂದ ಅವರು ಬಿಚ್ಚಿ ನೋಡಲಿಲ್ಲ. ನಾನಾದರೆ ನೋಡುತ್ತಿದ್ದೆ.

ಕುಶಲನಿಗೆ ಮಾಮಿ ಫೋನಿನಲ್ಲಿ ಕಟ್ಟುನಿಟ್ಟಾಗಿ ಹೇಳಿದ ಮಾತುಗಳನ್ನು ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಗಂಟು ನೆಲಕ್ಕೆ ತಾಗಬಾರದು. ಒಮ್ಮೆ ಮುಂದೆ ಹೋದ ಗಂಟು ಹಿಂದಕ್ಕೆ ಬರಬಾರದು. ಇಟ್ಟುಕೊಂಡವನು ಅದನ್ನು ಪ್ರಯಾಣಿಕನ ಕೈಗೆ ಕೊಡಬಾರದು, ಕೊಟ್ಟರೆ ಬೀಳ್ಕೊಟ್ಟ ಹಾಗಾಗುತ್ತದೆ. ಎತ್ತರದಲ್ಲಿ ಇಟ್ಟು ದೂರ ಸರಿದು ನಿಲ್ಲಬೇಕು, ಹೋಗುವವರು ತಾವೇ ಎತ್ತಿಕೊಳ್ಳಬೇಕು. ಇದರಲ್ಲಿ ಕೊನೆಯ ಮಾತಿನಿಂದಲೇ ಇಷ್ಟೆಲ್ಲ ರಾದ್ಧಾಂತ ಆಯಿತು.

ಬುಧವಾರ ಮಧ್ಯಾಹ್ನ ಡಬ್ಬಾ ತುಂಬುವಾಗ ಒಂದು ಸ್ಟೀಲ್ ಡಬ್ಬಾ ಕಡಿಮೆ ಇತ್ತು. ನನ್ನ ಡಬ್ಬಾಗಳ ಮುಚ್ಚಳಕ್ಕೆಲ್ಲ ಕೆಂಪು ಬಣ್ಣದಲ್ಲಿ ಜ ಎಂದು ಬರೆದಿದೆ. ಯಾರೋ ಗಿರಾಕಿ ವಾಪಸು ಕೊಟ್ಟಿಲ್ಲ ಎಂದುಕೊಂಡು ಬೈದುಕೊಂಡೆ. ಸಂಜೆ ನೋಡಿದರೆ ನನ್ನ ಮತದಾರರ ಗುರುತಿನ ಕಾರ್ಡು ಇಲ್ಲ. ಅದು ಯಾವಾಗಲೂ ದೇವರ ಪಟದ ಹಿಂದೆ ಇರುತ್ತದೆ. ಕಪಾಟು, ಹಾಸಿಗೆಯ ಅಡಿ, ಬೇಳೆಯ ಡಬ್ಬಿ, ಫ್ರಿಜ್ಜಿನ ಮೇಲ್ಗಡೆ, ಎಲ್ಲ ಕಡೆ ಹುಡುಕಿದೆವು. ಗಂಡ ಮಂಚವನ್ನೇ ಎತ್ತಿ ನೋಡಿದರು. ಮಾಮಿ ಮಾತ್ರ ಕುಳಿತಲ್ಲಿಂದ ಏಳದೆ, ‘ಸಿಗ್ತದೆ, ಸಿಗ್ತದೆ’ ಎನ್ನುತ್ತಿದ್ದರು. ಆಗ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ನಿಜ ಹೇಳಬೇಕೆಂದು ಹವಾಲ್ದಾರರು ಹೇಳಿದ್ದರಿಂದ ಹೇಳುತ್ತೇನೆ. ಕಾರ್ಡು ಸಿಗದಿದ್ದಾಗ ಒಳಗೊಳಗೆ ನನಗೆ ಹಗುರವಾಯಿತು. ಎಲ್ಲಿಗಾದರೂ ಹೊರಡುವುದು ಎಂದರೆ ನನಗೆ ಆಗಿಬರುವುದಿಲ್ಲ. ಡಬ್ಬಾದವರು ಏನು ತಿನ್ನುತ್ತಾರೆ, ನಳ್ಳಿಯಲ್ಲಿ ನೀರು ಬಂದರೆ ಯಾರು ಹಿಡಿಯುತ್ತಾರೆ, ಗ್ಯಾಸಿನವನು ಬಂದರೆ ಯಾರು ಬಾಗಿಲು ತೆಗೆಯುತ್ತಾರೆ ಎಂದು ಒಂದಾದ ಮೇಲೊಂದು ನೆನಪಾಗುತ್ತದೆ. ಧರ್ಮಸ್ಥಳಕ್ಕೆ ತೆಗೆದ ಟಿಕೆಟ್ ನಾನು ಕ್ಯಾನ್ಸಲ್ ಮಾಡಿಸಿದ್ದೇನೆ, ತಂಗಿಯ ಮಗಳ ಮದುವೆಯದ್ದೂ ಹಾಗೆಯೇ. ಶಿರಡಿಗೆ ಹೊರಟು ಕಲ್ಯಾಣದವರೆಗೆ ಹೋಗಿ ವಾಪಸು ಬಂದಿದ್ದೇನೆ. ಈ ಸಲ ದೇವರೇ ಕಾರ್ಡು ಅಡಗಿಸಿ ಪುಣ್ಯ ಕಟ್ಟಿಕೊಂಡ ಎಂದುಕೊಂಡೆ. ನೀವಿಬ್ಬರೂ ಹೋಗಿ ಬನ್ನಿ ಎಂದು ಹೇಳಿ ಮಲಗಿದೆ.

ಇಂದು ಬೆಳಗ್ಗೆ ನಾನು ಮಾಮೂಲಿನಂತೆ ಎದ್ದು ಅಡುಗೆಗೆ ತರಕಾರಿ ತೆಗೆದಿಟ್ಟೆ. ಅಷ್ಟರಲ್ಲಿ ದಿವಾದಲ್ಲಿರುವ ನನ್ನ ಗೆಳತಿ ವಿನೋದಾ ಬಂದಳು. ಸುಮ್ಮನೆ ನೋಡಿ ಹೋಗಲು ಬಂದೆ ಎಂದಳು. ಸುಮ್ಮನೆ ನೋಡಲು ಬರುವವಳು ಏಪ್ರನ್ ತರುವುದುಂಟೇ? ಮಾಮಿಯ ಪೆಟ್ಟಿಗೆಯೂ ವಿಪರೀತ ಭಾರವಾಗಿತ್ತು. ನಾಲ್ಕು ಸೀರೆ ಇಷ್ಟು ಭಾರವೇ ಎಂದು ಗಂಡನನ್ನು ಕೇಳಿದೆ. ‘ಅಮ್ಮ ಅಲ್ವಾ, ಉಪ್ಪಿನಕಾಯಿ ತುಂಬಿಸಿರ್ತಾರೆ’ ಎಂದರು. ಮಾಮಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು, ‘ಬಲೆ ಪೋಯಿ, ಬಾ ಹೋಗುವ, ವಾಶಿಯವರೆಗಾದ್ರೂ ಬಂದು ಬಸ್ಸು ಹತ್ತಿಸಿ ಹೋಗು’ ಎಂದರು. ಮುದುಕಿಯ ಮಾತು ತೆಗೆದುಹಾಕಬಾರದೆಂದು ಉಟ್ಟ ಸೀರೆಯಲ್ಲೇ, ಒಂದು ಪರ್ಸ್ ಮಾತ್ರ ಹಿಡಿದು ಹೊರಟೆ. ಮಧ್ಯಾಹ್ನದ ಡಬ್ಬಾ ಆ ಹೊತ್ತಿಗೆ ವಿನೋದಾ ನೋಡಿಕೊಳ್ಳಲಿ ಎಂದೂ ಮಾಮಿಯೇ ಹೇಳಿದರು.

ಠಾಣೆಯಲ್ಲಿ ವಾಶಿ ಗಾಡಿ ಹತ್ತಿದೆವು. ಐರೋಲಿ ದಾಟಿದಾಗ ನನ್ನ ಗಂಡ ಕುಶಲನಿಗೆ ಫೋನ್ ಮಾಡಿ, ಹೊರಡು, ಬಂದೆವು ಎಂದರು. ಆಗ ಹತ್ತೂ ಕಾಲು. ಮುಂದೆ ರಬಾಲೆ ಬಿಟ್ಟ ಮೇಲೆ ಗಾಡಿ ನಿಂತಿತು. ಯಾಕೆ ನಿಂತಿತೆಂದು ಯಾರೂ ಹೇಳಲಿಲ್ಲ. ತಾನೊಂದು ಬಗೆದರೆ ದೈವ ಮತ್ತೊಂದು ಬಗೆಯುತ್ತದಂತೆ. ಅರ್ಧ ಗಂಟೆ ನಾವು ಅಲ್ಲೇ ಇದ್ದೆವು.

ಆ ಅರ್ಧ ಗಂಟೆಯಲ್ಲಿ ವಾಶಿಯಲ್ಲಿ ಏನಾಯಿತು ಎಂಬುದು ನಾನು ಕಣ್ಣಾರೆ ಕಂಡದ್ದಲ್ಲ, ಕುಶಲ ಹೇಳಿದ್ದು. ಅವನು ಗಂಟು ತಂದು ಬಸ್ ತಂಗುದಾಣದ ಬೆಂಚಿನ ಮೇಲೆ ಇಟ್ಟ. ನೆಲಕ್ಕೆ ತಾಗಬಾರದಲ್ಲ. ಇಟ್ಟು, ದೂರ ಸರಿಯಬೇಕಲ್ಲ, ರಸ್ತೆ ದಾಟಿ ಆ ಕಡೆಯ ಪಾನ್ ಅಂಗಡಿಯ ಮರೆಗೆ ಹೋಗಿ ನಿಂತ. ಅಲ್ಲಿಂದ ಗಂಟನ್ನೇ ನೋಡುತ್ತಿದ್ದ. ಬೆಂಚಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಇದನ್ನೆಲ್ಲ ಗಮನಿಸಿ ಪೊಲೀಸರಿಗೆ ಹೇಳಿದಳು. ಒಬ್ಬ ಗಂಡಸು ಕೆಂಪು ಗಂಟು ಇಟ್ಟು ಓಡಿಹೋಗಿ ಅಡಗಿ ನಿಂತು ನೋಡುತ್ತಿದ್ದಾನೆ ಎಂದು ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಪೊಲೀಸರು ಸೀಟಿ ಊದಿ ಜನರನ್ನು ಚದುರಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕುಶಲ ಯಾರೂ ಕೇಳದೆಯೇ ಕೈಯೆತ್ತಿ ‘ಅವು ಎನ್ನ ಅತ್ತ್, ಎನ್ನ ಅತ್ತ್’ ಎಂದು ತುಳುವಿನಲ್ಲಿ ಕೂಗಿದ. ಅದು ನನ್ನದಲ್ಲ ಎಂದು ಅದರ ಅರ್ಥ. ಅವನು ಹೇಳಿದ್ದು ನೂರಕ್ಕೆ ನೂರು ನಿಜ. ಪೊಲೀಸರು ಅವನನ್ನು ಹಿಡಿದು ಚೌಕಿಗೆ ಕರೆದೊಯ್ದರು.

ನಾವು ನಿಲ್ದಾಣದಿಂದ ಹೊರಗೆ ಬಂದಾಗ ಹಗ್ಗ ಕಟ್ಟಿತ್ತು. ಸೋನಾಲಿಯ ಬಸ್ಸನ್ನು ದೂರ ಕಳಿಸಿದ್ದರು. ನಾಯಿ ಬಂದಿತ್ತು. ದಪ್ಪ ಉಡುಪು ಹಾಕಿದ ಒಬ್ಬರು ಉದ್ದದ ಕೋಲಿನಿಂದ ಗಂಟಿನ ಬಟ್ಟೆ ಸರಿಸುತ್ತಿದ್ದರು. ಬಟ್ಟೆ ಜಾರಿತು. ಒಳಗೆ ಒಂದು ಸ್ಟೀಲ್ ಡಬ್ಬಾ, ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಜ. ನಾನು ಹಿಂದು ಮುಂದು ನೋಡದೆ ‘ಅರೇ, ಮೇರಾ ಡಬ್ಬಾ!’ ಎಂದು ಕೂಗಿದೆ. ನಾಯಿಯೂ ಸೇರಿ ಎಲ್ಲರೂ ನನ್ನ ಕಡೆ ತಿರುಗಿದರು. ಮುಂದೆ ನನ್ನನ್ನು, ಮಾಮಿಯನ್ನು, ಗಂಡನನ್ನು, ಪೆಟ್ಟಿಗೆಯನ್ನು ಚೌಕಿಗೆ ತಂದರು.

ಡಬ್ಬಾ ತೆರೆದದ್ದು ನಮ್ಮ ಎದುರಿಗೇ. ಅಕ್ಕಿ ಇತ್ತು, ಅರಸಿನಕೊಂಬು ಇತ್ತು, ಅಡಿಕೆ ಇತ್ತು. ಅಕ್ಕಿಯ ಒಳಗೆ ನನ್ನ ಕೈವಸ್ತ್ರ, ಅದರಲ್ಲಿ ಸುತ್ತಿದ ನನ್ನ ಮತದಾರರ ಕಾರ್ಡು. ಚೌಕಿಯ ದೊಡ್ಡ ಸಾಹೇಬರು ಕಾರ್ಡಿನ ಫೋಟೋವನ್ನೂ ನನ್ನ ಮುಖವನ್ನೂ ನೋಡಿ, ಈ ಗಂಟು ಯಾರದ್ದೆಂದು ಮೂವರನ್ನೂ ಕೇಳಿದರು. ಕುಶಲ ತನ್ನದಲ್ಲ, ಅತ್ತಿಗೆಯ ಮನೆಯದ್ದು ಎಂದ. ನನ್ನ ಗಂಡ ಅಮ್ಮನದು ಎಂದರು. ಮಾಮಿ ಬೆಂಚಿನಿಂದ ಏಳದೆಯೇ, ‘ನನ್ನದಲ್ಲ ಸಾಹೇಬರೇ, ನನ್ನ ಸೊಸೆಯದು’ ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ನಾನು ಮನೆಯಿಡೀ ಗುಡಿಸಿ ಹುಡುಕುವಾಗ ಬಾಯಿ ಮುಚ್ಚಿ ಕೂತಿದ್ದಿರಲ್ಲ, ಇದೇನು ಮಕ್ಕಳಾಟವೇ, ನಿಮ್ಮ ಪ್ರಯಾಣಕ್ಕೆ ನನ್ನ ಕಾರ್ಡು ಯಾಕೆ ಇಟ್ಟಿರಿ ಎಂದು ಪೊಲೀಸರ ಎದುರಿಗೇ ಜೋರು ಮಾಡಿದೆ. ಮಾಮಿ ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ಬರೆಯಬೇಕೆಂದು ಕೇಳಿಕೊಂಡಿದ್ದೇನೆ. ‘ನನಗೆ ಪ್ರಸ್ಥಾನ ಎಂಥಕ್ಕೆ? ನಾನು ಹೇಗೂ ಹೋಗುವವಳೇ, ಶೂಲ ಇದ್ರೂ ಹೋಗ್ತೇನೆ, ರಾಹು ಬಂದ್ರೂ ಹೋಗ್ತೇನೆ. ಹೊಸ್ತಿಲಲ್ಲಿ ನಿಂತು ವಾಪಸು ಹೋಗುವವಳು ನೀನು. ನಿನ್ನನ್ನು ಮೊದಲೇ ಕಳಿಸಿಬಿಟ್ರೆ ಆಮೇಲೆ ನೀನು ಉಳೀಲಿಕ್ಕೆ ಆಗ್ತದಾ? ನಿನ್ನೆಯೇ ನೀನು ಹೊರಟಾಗಿದೆ ಮಗಾ, ಗೊತ್ತಾಗ್ಲಿಲ್ಲ ಅಷ್ಟೇ.’

ಪೆಟ್ಟಿಗೆಯನ್ನೂ ಪೊಲೀಸರು ತೆರೆದರು. ಮಾಮಿಯ ಸೀರೆ ಎರಡೇ. ಉಳಿದದ್ದೆಲ್ಲ ನನ್ನದು. ಮದುವೆಮನೆಗೆ ಉಡುವ ಎರಡು ಸೀರೆ, ಸ್ವೆಟರ್, ಬಾಚಣಿಗೆ, ಬಿಪಿ ಮಾತ್ರೆ, ಮತ್ತು ನಾನು ಕೂದಲಿಗೆ ಹಾಕುವ ಎಣ್ಣೆಯ ಬಾಟಲಿ, ಸೋರದ ಹಾಗೆ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟಿದ್ದು. ವಿನೋದಾ ಮೂರು ದಿನ ಉಳಿಯಲು ಬಂದವಳು ಎಂದು ಆಗ ಗೊತ್ತಾಯಿತು. ಇದರಲ್ಲಿ ಸೋನಾಲಿಗೂ ಪಾಲಿದೆ. ಅವಳು ಆಫೀಸಿನಿಂದ ಓಡಿ ಬಂದವಳು ನನ್ನ ಮುಖ ನೋಡಿ, ‘ಸಾರಿ ಮಮ್ಮಿ, ಪ್ಲ್ಯಾನ್ ಅಜ್ಜಿ ಕಾ ಥಾ’ ಎಂದಳು, ಅಂದರೆ ಉಪಾಯ ಅಜ್ಜಿಯದು. ನನಗೂ ಗಂಡನಿಗೂ ತಿಳಿಯದ ಹಾಗೆ ಎಲ್ಲರೂ ಸೇರಿ ನನ್ನನ್ನು ಗಂಟು ಕಟ್ಟಿದ್ದರು.

ಆ ಎಣ್ಣೆಯ ಬಾಟಲಿ ನೋಡಿದಾಗ ನನಗೆ ಅಳು ಬಂತು. ಮಾಮಿಯ ಬೆರಳು ವಾತದಿಂದ ಸರಿಯಾಗಿ ಮಡಚುವುದಿಲ್ಲ, ಆ ದಾರದ ಗಂಟು ಅವರು ಹೇಗೆ ಹಾಕಿದರೋ ತಿಳಿಯದು. ಇದನ್ನು ಬರೆಯಬೇಡಿ ಎಂದು ಹವಾಲ್ದಾರರಿಗೆ ಹೇಳಿದೆ. ‘ಬರೀತೀನ್ರಿ ಅಕ್ಕಾ, ಸಾಹೇಬ್ರು ಓದ್ಲಿ’ ಎಂದು ಅವರು ಬರೆದರು.

ಸಾಹೇಬರು ಕುಶಲನನ್ನು ಬಿಡಬಹುದು ಎಂದರು. ಆದರೆ ಅಷ್ಟು ಜನ ಹೆದರಿ ಓಡಿದ್ದಾರೆ, ಆದ್ದರಿಂದ ಗಂಟಿನ ಒಡತಿ ಹೇಳಿಕೆ ಕೊಟ್ಟೇ ಹೋಗಬೇಕು, ಉಳಿದವರು ಬೇಕಾದರೆ ಹೊರಡಬಹುದು ಎಂದರು. ಹನ್ನೆರಡು ಗಂಟೆಗೆ ಬಸ್ಸು ಉಳಿದ ಪ್ರಯಾಣಿಕರನ್ನು ಹತ್ತಿಸಿಕೊಂಡು ಹೋಯಿತು. ನೋಡಿ ಆಟ: ನನ್ನನ್ನು ಹೊರಡಿಸಲು ಇಟ್ಟ ಗಂಟೇ ನನ್ನನ್ನು ಹಿಡಿದು ಕೂರಿಸಿತು. ನೀವು ಹೋಗಿ, ನಿಮ್ಮ ಆಸೆ ತಪ್ಪಬಾರದು ಎಂದು ಮಾಮಿಗೆ ಕೈ ಮುಗಿದು ಹೇಳಿದೆ. ಅವರು ಚೌಕಿಯ ಎದುರು ನಿಂತ ಟ್ಯಾಕ್ಸಿಯಲ್ಲಿ ಮುಂದಿನ ಸೀಟಿನಲ್ಲಿ ಕುಳಿತಿದ್ದಾರೆ. ಹಿಂದಕ್ಕೆ ಮನೆಗೂ ಹೋಗುವುದಿಲ್ಲವಂತೆ, ನನ್ನನ್ನು ಬಿಟ್ಟು ಮುಂದಕ್ಕೂ ಹೋಗುವುದಿಲ್ಲವಂತೆ. ಒಂದು ಸಲ ಮುಸುಕು ಹಾಕಿ ಒಬ್ಬಳೇ ಬಂದದ್ದು ಸಾಕು, ತೆರೆ ನೋಡುವಾಗ ‘ಅಗೋ ನೋಡು’ ಎಂದು ಹೇಳಲು ಪಕ್ಕದಲ್ಲಿ ಒಬ್ಬರು ಬೇಕು ಎಂದಿದ್ದಾರೆ. ಮಗ ಇದ್ದಾರಲ್ಲ ಎಂದೆ. ‘ಅವನು ಹತ್ತಿದ ಕೂಡ್ಲೇ ನಿದ್ದೆ ಮಾಡ್ತಾನೆ’ ಎಂದರು. ಅದೂ ನಿಜವೇ.

ಕುಶಲನದ್ದು ಏನೂ ತಪ್ಪಿಲ್ಲ. ಅವನು ಹಿರಿಯರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ. ರೈಲ್ವೆ ನಿಲ್ದಾಣದ ಬಳಿ ಹಾಗೆ ಮಾಡಬಾರದು ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಅದಕ್ಕಾಗಿ ಹೆದರಿದವರ ಕ್ಷಮೆ ಕೇಳುತ್ತೇನೆ. ಯಾರ ಮೇಲೂ ನನ್ನ ದೂರಿಲ್ಲ, ಮಾಮಿಯ ಮೇಲೂ ಇಲ್ಲ.

ಇನ್ನೊಂದು ಮಾತು. ಇದನ್ನು ನಾನು ಗಂಡನಿಗೆ ಹೇಳಿಲ್ಲ, ಮಗಳಿಗೆ ಹೇಳಿಲ್ಲ, ಪೊಲೀಸರಿಗೆ ಹೇಳುತ್ತಿದ್ದೇನೆ. ನನಗೆ ಹೋಗಬೇಕು. ಹಡಗು ಹೇಗಿರುತ್ತದೆ, ನಡುನೀರಿನಲ್ಲಿ ನಿಂತರೆ ಸುತ್ತ ಏನು ಕಾಣುತ್ತದೆ, ನಾನಿಲ್ಲದೆ ಮೂರು ದಿನ ಡೊಂಬಿವಲಿ ಏನು ಮಾಡುತ್ತದೆ, ಇದೆಲ್ಲ ನನಗೆ ನೋಡಬೇಕು. ಈಗ ಗಂಟೆ ಒಂದೂ ಹದಿನೆಂಟು. ಒಂದೂವರೆಗೆ ರಾಹುಕಾಲ ಶುರುವಾಗುತ್ತದೆ. ನನಗೆ ಅದರ ಮೇಲೆ ನಂಬಿಕೆಯಿಲ್ಲ, ಆದರೂ ಅದಕ್ಕೆ ಮುಂಚೆ ನನ್ನನ್ನು ಬಿಟ್ಟರೆ ಒಳ್ಳೆಯದು.

ಮೇಲೆ ಬರೆಸಿದ್ದನ್ನು ಹವಾಲ್ದಾರರು ಓದಿ ಹೇಳಿದರು, ನಾನು ಕೇಳಿದೆ. ಎಲ್ಲ ನಾನು ಹೇಳಿದ ಹಾಗೆಯೇ ಇದೆ, ನನಗೆ ತಿಳಿದ ಮಟ್ಟಿಗೆ ಎಲ್ಲವೂ ನಿಜ. ಗಂಟು ಮತ್ತು ಕಾರ್ಡನ್ನು ನನಗೆ ವಾಪಸು ಕೊಡುವುದಾಗಿ ಸಾಹೇಬರು ಒಪ್ಪಿದ್ದಾರೆ. ಆದರೆ ದಯವಿಟ್ಟು ಅದನ್ನು ನನ್ನ ಕೈಗೆ ಕೊಡಬಾರದು. ಬಾಗಿಲ ಬಳಿಯ ಬೆಂಚಿನ ಮೇಲೆ ಇಟ್ಟು ಸ್ವಲ್ಪ ದೂರ ನಿಲ್ಲಬೇಕು.

ಸ್ಥಳ: ವಾಶಿ, ನವಿ ಮುಂಬಯಿ
ದಿನಾಂಕ: 13-12-2018
ಸಹಿ: ಜಯಲತಾ ಲೀ. ಸಾಲ್ಯಾನ್

ನನ್ನ ಸಮಕ್ಷಮ: ಸಿದ್ರಾಯ ಮಾಳಿ, ಹವಾಲ್ದಾರ

ಷರಾ: ಕೆಂಪು ಬಟ್ಟೆಯ ಗಂಟನ್ನು, ಒಳಗಿನ ವಸ್ತುಗಳ ಸಮೇತ, ಬಾಗಿಲ ಬಳಿಯ ಬೆಂಚಿನ ಮೇಲೆ ಇಡಲಾಯಿತು. ನಾನು ಮತ್ತು ಸಾಹೇಬರು ದೂರ ಸರಿದು ನಿಂತೆವು. ಹೇಳಿಕೆ ಕೊಟ್ಟವರು ಅದನ್ನು ತಾವೇ ಎತ್ತಿಕೊಂಡರು. ಒಂದೂ ಇಪ್ಪತ್ತಾರಕ್ಕೆ ಟ್ಯಾಕ್ಸಿ ಹೊರಟಿತು. ಅವರು ಹಿಂದಿರುಗಿ ನೋಡಲಿಲ್ಲ.